ಸೈಲೆನ್ಸರ್ ಕತ್ತರಿಸಿದರೆ ಪವರ್ ಬರುತ್ತಾ?

ಮನೆ ಗ್ಯಾರೇಜಿಗೆ ಹಳೇ ಆರ್‌ಎಕ್ಸ್ 100 ಬಂತು ಅಂದ್ರೆ ಮುಕ್ಕಾಲುಪಾಲು ಜನ ಮೊದಲು ಕೈ ಹಾಕೋದು ಸೈಲೆನ್ಸರ್‌ಗೆ. ಹಿಂದಿನ ಬೋಲ್ಟ್ ಬಿಚ್ಚಿ ಒಳಗಿನ ಬ್ಯಾಫಲ್ ಎಳೆದು ಮೂಲೆಗೆ ಎಸೀತಾರೆ. ಇನ್ನೂ ಧೈರ್ಯ ಇರೋರು ಗ್ರೈಂಡರ್ ತಂದು ಸೈಲೆನ್ಸರನ್ನೇ ಅರ್ಧಕ್ಕೆ ಕತ್ತರಿಸ್ತಾರೆ. "ಹೊಗೆ ಸಲೀಸಾಗಿ ಹೋದ್ರೆ ಪವರ್ ಜಾಸ್ತಿ" ಅನ್ನೋದು ವಾದ. ಫೋರ್ ಸ್ಟ್ರೋಕ್ ಗಾಡಿ ಆಗಿದ್ರೆ ಅದರಲ್ಲಿ ಸ್ವಲ್ಪ ನಿಜಾನೂ ಇದೆ. ಟೂ ಸ್ಟ್ರೋಕ್ ಕಥೆ ಬೇರೆ.

ಟೂ ಸ್ಟ್ರೋಕ್ ಎಂಜಿನ್‌ಗೆ ಫೋರ್ ಸ್ಟ್ರೋಕ್ ಥರದ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಪೋರ್ಟ್‌ಗಳಿವೆ, ಅವನ್ನ ಮುಚ್ಚೋದು ತೆರೆಯೋದು ಪಿಸ್ಟನ್ನೇ. ಕೆಳಗೆ ಬರುವಾಗ ಮೊದಲು ಎಕ್ಸಾಸ್ಟ್ ಪೋರ್ಟ್ ತೆರೆಯುತ್ತೆ, ಆಮೇಲೆ ಹೊಸ ಪೆಟ್ರೋಲ್-ಗಾಳಿ ಒಳಗೆ ಬರೋ ಟ್ರಾನ್ಸ್‌ಫರ್ ಪೋರ್ಟ್. ಮೇಲೆ ಹೋಗುವಾಗ ಮುಚ್ಚೋದು ಉಲ್ಟಾ ಕ್ರಮದಲ್ಲಿ. ಅಂದ್ರೆ ಒಳಗೆ ಬರೋ ಬಾಗಿಲು ಮುಚ್ಚಿದ ಮೇಲೂ ಹೊರಗೆ ಹೋಗೋ ಬಾಗಿಲು ಸ್ವಲ್ಪ ಹೊತ್ತು ತೆರೆದೇ ಇರುತ್ತೆ. ಉರಿಯದೇ ಇರೋ ಪೆಟ್ರೋಲ್ ಅಲ್ಲಿಂದ ಜಾರಿಕೊಂಡು ಹೋಗುತ್ತೆ.

ಇದನ್ನ ತಡೆಯೋದು ಕೊಳವೆಯ ಆಕಾರ. ಪೋರ್ಟ್ ತೆರೆದ ಕೂಡಲೇ ಒಂದು ಒತ್ತಡದ ಅಲೆ ಕೊಳವೆಯಲ್ಲಿ ಓಡುತ್ತೆ. ಕೊಳವೆ ಅಗಲ ಆಗೋ ಜಾಗದಲ್ಲಿ ಅದರ ಒಂದಷ್ಟು ಭಾಗ ಹೀರೋ ಅಲೆಯಾಗಿ ಹಿಂದೆ ಬಂದು ಸುಟ್ಟ ಹೊಗೆಯನ್ನ ಎಳೆಯುತ್ತೆ. ಮುಂದೆ ಕೊಳವೆ ಕಿರಿದಾಗೋ ಜಾಗದಲ್ಲಿ ಉಳಿದ ಅಲೆ ತಳ್ಳೋ ಅಲೆಯಾಗಿ ವಾಪಸ್ ಬಂದು, ತಪ್ಪಿಸಿಕೊಂಡ ಪೆಟ್ರೋಲನ್ನ ಮತ್ತೆ ಸಿಲಿಂಡರ್ ಒಳಗೆ ನೂಕುತ್ತೆ. ಸಿಟಿ ಬಸ್ಸಲ್ಲಿ ಬಾಗಿಲು ಹಾಕೋ ಮುಂಚೆ ಕಂಡಕ್ಟರ್ "ಒಳಗೆ ನಡೀರಿ" ಅಂತ ನೂಕೋ ಹಾಗೆ.

ಲೆಕ್ಕ ಹಾಕೋಣ. ಆರ್‌ಎಕ್ಸ್ 100 ತನ್ನ 11 ಹಾರ್ಸ್‌ಪವರ್ ಕೊಡೋದು 7,500 ಆರ್‌ಪಿಎಂನಲ್ಲಿ. ಅಂದ್ರೆ ಸೆಕೆಂಡಿಗೆ 125 ಸುತ್ತು, ಒಂದು ಸುತ್ತಿಗೆ 8 ಮಿಲಿಸೆಕೆಂಡ್. ಎಕ್ಸಾಸ್ಟ್ ಪೋರ್ಟ್ ಸುಮಾರು ಅರ್ಧ ಸುತ್ತು ತೆರೆದಿರುತ್ತೆ ಅಂತ ಇಟ್ಕೊಳ್ಳಿ, 4 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಹಿಡಿದರೆ ಅಲೆ ಓಡಬಹುದಾದ ದೂರ 2 ಮೀಟರ್. ಹೋಗಿ ಬರಬೇಕಲ್ಲ, ಹಾಗಾಗಿ ಅದು ತಿರುಗಬೇಕಾದ ಜಾಗ ಪೋರ್ಟ್‌ನಿಂದ 1 ಮೀಟರ್‌ಗಿಂತ ಸ್ವಲ್ಪ ಒಳಗೆ. ಗ್ರೈಂಡರ್ ಇಟ್ಟು ಕತ್ತರಿಸೋದು ಸರಿಯಾಗಿ ಅದೇ ಭಾಗವನ್ನ! ಸೌಂಡ್ ಜೋರಾಗುತ್ತೆ, ಪೆಟ್ರೋಲ್ ಸೀದಾ ಹೊರಗೆ ಹೋಗುತ್ತೆ, ಎಳೆತ ಕಮ್ಮಿಯಾಗುತ್ತೆ. ಕಿವಿ ಮಾತ್ರ "ಪವರ್ ಬಂತು" ಅನ್ನುತ್ತೆ.

ಈ ಅಲೆಗಳನ್ನ ಪಳಗಿಸಿದ್ದು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ವಾಲ್ಟರ್ ಕಾಡೆನ್. 1961ರಲ್ಲಿ ಅವರ 125 ಸಿಸಿ ಎಂಜಿನ್ 25 ಹಾರ್ಸ್‌ಪವರ್ ಕೊಡ್ತಿತ್ತು, ಅಂದ್ರೆ ಲೀಟರ್‌ಗೆ 200. ಅದೇ ವರ್ಷ ಅವರ ರೈಡರ್ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಈ ವಿದ್ಯೆಯನ್ನ ಸುಜುಕಿಗೆ ಕೊಟ್ಟ. 1962ರಲ್ಲಿ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದುಕೊಟ್ಟವನೂ ಅವನೇ. ಸಿನಿಮಾ ಮಾಡಬಹುದು, ಇರ್ಲಿ.

ಕಾನೂನಿನ ವಿಷ್ಯ ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ.

ನನಗೆ ದಂಡಕ್ಕಿಂತ ಹೆದರಿಕೆ ಇರೋದು ಸೀಜ್ ಬಗ್ಗೆ. ಕಾರ್ಬ್ಯುರೇಟರ್‌ನ ಮೇನ್ ಜೆಟ್ ಹಾಗೇ ಬಿಟ್ಟು ಸೈಲೆನ್ಸರ್, ಏರ್ ಫಿಲ್ಟರ್ ಎರಡನ್ನೂ ಬಿಚ್ಚಿದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಬಹುದು. ಪಿಸ್ಟನ್ ಅತಿಯಾಗಿ ಕಾದು ಹಿಗ್ಗಿ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತೆ. ರಿಂಗ್ ರೋಡಲ್ಲಿ 70ರಲ್ಲಿ ಹೋಗುವಾಗ ಹೀಗಾದ್ರೆ ಹಿಂದಿನ ಚಕ್ರ ಲಾಕ್. ಆ ಕ್ಷಣಕ್ಕೆ ಕ್ಲಚ್ ಹಿಡಿದರೆ ಉಳಿದ್ರಿ. ಟೂ ಸ್ಟ್ರೋಕ್ ಓಡಿಸೋ ಹಳಬರು ಎರಡು ಬೆರಳು ಸದಾ ಕ್ಲಚ್ ಮೇಲೆ ಇಟ್ಟಿರೋದು ಸ್ಟೈಲ್‌ಗಲ್ಲ.

ನಿಜಕ್ಕೂ ಪವರ್ ಬೇಕಾ? ಬ್ಯಾಫಲ್ ಬಿಚ್ಚಿ, ಆದ್ರೆ ಎಸೀಬೇಡಿ. ವರ್ಷಗಟ್ಟಲೆ ಕೂತ ಎಣ್ಣೆ ಮಸಿಯನ್ನ ಕೆರೆದು ತೆಗೆದು ವಾಪಸ್ ಹಾಕಿ. ಎಕ್ಸಾಸ್ಟ್ ಪೋರ್ಟ್ ಬಾಯಲ್ಲಿರೋ ಮಸಿಯನ್ನೂ ಹುಷಾರಾಗಿ ತೆಗೀರಿ. ಎಷ್ಟೋ ಗಾಡಿಗಳು ಕಳಕೊಂಡ ಎಳೆತ ಅಲ್ಲೇ ಸಿಗುತ್ತೆ. ಆಮೇಲೆ ಒಂದು ರೌಂಡ್ ಹೋಗಿ ಬಂದು ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿ ಬಣ್ಣಕ್ಕಿದ್ರೆ ಸರಿ. ಕಪ್ಪಗೆ ಎಣ್ಣೆ ಎಣ್ಣೆ ಇದ್ರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ ಆಗಿದೆ. ಬಿಳಿಚಿಕೊಂಡಿದ್ರೆ ಗಾಡಿ ಮತ್ತೆ ಹೊರಗೆ ತೆಗೀಬೇಡಿ, ಮೊದಲು ಜೆಟ್ ನೋಡಿ.