ಹತ್ತೊಂಬತ್ತು ಡಾಲರಿನ ಕಣ್ಣು

1930ನೆಯ ಇಸವಿ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಬ್ಯಾಂಕುಗಳು ಬಾಗಿಲು ಮುಚ್ಚುತ್ತಿದ್ದವು. ದುಡಿಯುವ ಕೈಗಳಿಗೆ ಕೆಲಸವಿರಲಿಲ್ಲ. ಇಂಥ ದುರ್ದಿನಗಳಲ್ಲಿ ಕೆಂಟಕಿ ಪ್ರಾಂತದ ನ್ಯೂಪೋರ್ಟ್ ಎಂಬ ಊರಿನಲ್ಲಿ ವಿಲಿಯಂ ವೀವರ್ ಎಂಬ ತರುಣನೊಬ್ಬ ಕೋವಿಯ ಮೇಲೆ ಕೂರಿಸುವ ದುರ್ಬೀನನ್ನು ತನ್ನ ಕೈಯಾರೆ ತಯಾರಿಸಿ ಮಾರಾಟಕ್ಕಿಟ್ಟ. ವಯಸ್ಸು ಇನ್ನೂ ಇಪ್ಪತ್ತೈದು ದಾಟಿರಲಿಲ್ಲ. ದುರ್ಬೀನಿನ ಹೆಸರು ‘3-30’. ಕೋವಿಗೆ ಬಿಗಿಯುವ ಹಿಡಿಕೆಯೂ ಸೇರಿ ಅದರ ಬೆಲೆ 19 ಡಾಲರು.

ಆವರೆಗೆ ಒಳ್ಳೆಯ ದುರ್ಬೀನು ಬೇಕಾದವರು ಜರ್ಮನಿಯ ಕಡೆಗೆ ನೋಡಬೇಕಾಗಿತ್ತು. ಅವು ಸಿರಿವಂತ ಬೇಟೆಗಾರರ ಸೊತ್ತು. ವೀವರನ ದುರ್ಬೀನು ಸಣ್ಣ ಹಿಡುವಳಿಯ ರೈತನ ಕೈಗೂ, ಗಿರಣಿಯ ಕೆಲಸಗಾರನ ಕೈಗೂ ಎಟುಕಿತು. 1933ರಲ್ಲಿ ಆತ ತನ್ನ ಕಾರ್ಖಾನೆಯನ್ನು ಟೆಕ್ಸಾಸಿನ ಎಲ್ ಪಾಸೋ ಪಟ್ಟಣಕ್ಕೆ ಸಾಗಿಸಿದ, ವ್ಯಾಪಾರ ಬೆಳೆಯಿತು. ಆದರೆ ಕೊಳ್ಳುವವರ ಮನಸ್ಸಿನಲ್ಲಿ ಅಂದು ಹುಟ್ಟಿದ ಅನುಮಾನ ಇಂದಿಗೂ ಅಳಿದಿಲ್ಲ. ಅಗ್ಗದ ಈ ಕಣ್ಣು ತೋರಿಸಿದ ಜಾಗಕ್ಕೇ ಗುಂಡು ಹೋಗುತ್ತದೆಯೆ? ಇಂದು ಹೋದದ್ದು ನಾಳೆಯೂ ಹೋಗುತ್ತದೆಯೆ?

ದುರ್ಬೀನಿಲ್ಲದೆ ಗುರಿಯಿಡುವುದೇನು ಅಸಾಧ್ಯವೆ? ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯನ್ನು ಗುಂಡು ಹಾರಿಸಿ ಒಡೆಯುವವರನ್ನು ಕಂಡವರು ಹಾಗೆನ್ನಲಾರರು. ಆದರೆ ಬರಿಗಣ್ಣಿನ ಗುರಿಗಾರನಿಗೆ ಒಂದು ತೊಡಕಿದೆ. ಕೋವಿಯ ಹಿಂಭಾಗದ ಸೀಳು, ನಳಿಗೆಯ ತುದಿಯ ಗುಬಟು, ದೂರದ ಗುರಿ—ಈ ಮೂರನ್ನೂ ಆತ ಒಂದೇ ಗೆರೆಯಲ್ಲಿ ಕೂಡಿಸಬೇಕು. ಮೂರೂ ಮೂರು ದೂರಗಳಲ್ಲಿವೆ. ಕಣ್ಣು ಒಂದು ಗಳಿಗೆಯಲ್ಲಿ ಒಂದನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ನಲವತ್ತು ದಾಟಿದವರಿಗೆ ಈ ಕಷ್ಟ ಇಮ್ಮಡಿ. ದುರ್ಬೀನು ಗುರಿಯನ್ನೂ, ಅದರ ಮೇಲೆ ಕೂಡುವ ಅಡ್ಡ ಮತ್ತು ನೆಟ್ಟ ಗೆರೆಗಳನ್ನೂ ಒಂದೇ ಪಾತಳಿಯಲ್ಲಿ ತಂದು ನಿಲ್ಲಿಸುತ್ತದೆ. ಅದರ ನಿಜವಾದ ಉಪಕಾರ ಇದು. ಹಿಗ್ಗಿಸಿ ತೋರಿಸುವುದು ಆಮೇಲಿನ ಮಾತು.

ಅಂಗಡಿಗೆ ಹೋದವರು ಮಾತ್ರ ಮೊದಲು ನೋಡುವುದು ಆ ಆಮೇಲಿನ ಮಾತನ್ನೇ. ದುರ್ಬೀನನ್ನು ಕಣ್ಣಿಗೆ ಹಿಡಿದು ಎದುರು ಬೀದಿಯ ಹಲಗೆಯ ಮೇಲಿನ ಅಕ್ಷರಗಳನ್ನು ಓದಿ, “ಎಷ್ಟು ಸ್ಪಷ್ಟ!” ಎಂದು ಬೆರಗಾಗುತ್ತಾರೆ. ನಡುಹಗಲಿನ ಬೆಳಕಿನಲ್ಲಿ ಯಾವ ಗಾಜು ತಾನೆ ಚೆನ್ನಾಗಿ ಕಾಣದು? ಗಾಜಿನ ಪರೀಕ್ಷೆಗೆ ತಕ್ಕ ವೇಳೆ ಮುಸ್ಸಂಜೆ. ಜಿಂಕೆಗಳು ಪೊದೆಯಿಂದ ಹೊರಬರುವ ಹೊತ್ತೂ ಅದೇ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯಲ್ಲೂ ನೂರಕ್ಕೆ ನಾಲ್ಕು ಪಾಲು ಬೆಳಕು ಹಿಂದಕ್ಕೆ ಚಿಮ್ಮಿ ನಷ್ಟವಾಗುತ್ತದೆ. ಅಂಥ ಹತ್ತು ಮೈಗಳನ್ನು ದಾಟುವ ಹೊತ್ತಿಗೆ ಬಂದ ಬೆಳಕಿನಲ್ಲಿ ಮೂರನೆಯ ಒಂದು ಪಾಲು ಕಳೆದುಹೋಗಿರುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಗಾಜಿಗೆ ತೆಳುವಾದ ಲೇಪನ ಬಳಿದು ಈ ನಷ್ಟವನ್ನು ತಗ್ಗಿಸುವ ವಿಧಾನವನ್ನು ಕಂಡುಹಿಡಿದ. ಇಂದು ಅತಿ ಅಗ್ಗದ ದುರ್ಬೀನಿನಲ್ಲಿಯೂ ಲೇಪನವಿರುತ್ತದೆ. ಆದ್ದರಿಂದ ಗಾಜಿನ ವಿಷಯದಲ್ಲಿ ಅಗ್ಗದ ಮಾಲು ಮೊದಲಿನಷ್ಟು ಬಡವಾಗಿ ಉಳಿದಿಲ್ಲ. ಅದರ ಬಡತನ ಅಡಗಿರುವುದು ಕಣ್ಣಿಗೆ ಕಾಣದ ಕಡೆ.

ದುರ್ಬೀನಿನ ಹೊರಕೊಳವೆಯ ಒಳಗೆ ಇನ್ನೊಂದು ಸಣ್ಣ ಕೊಳವೆಯಿದೆ. ತಲೆಕೆಳಗಾಗಿ ಬಂದ ಬಿಂಬವನ್ನು ನೆಟ್ಟಗೆ ನಿಲ್ಲಿಸುವ ಮಸೂರಗಳು ಇರುವುದು ಅದರಲ್ಲಿ. ಮೇಲಿನಿಂದ ಒಂದು ತಿರುಪು, ಪಕ್ಕದಿಂದ ಇನ್ನೊಂದು ತಿರುಪು ಈ ಒಳಕೊಳವೆಯನ್ನು ಒತ್ತುತ್ತವೆ. ಅವೆರಡಕ್ಕೂ ಎದುರಾಗಿ ಒಂದು ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ. ತಿರುಪನ್ನು ಒಂದೊಂದು ಕ್ಲಿಕ್ಕು ತಿರುಗಿಸಿದಂತೆ ಒಳಕೊಳವೆ ಕೂದಲೆಳೆಯಷ್ಟು ಸರಿಯುತ್ತದೆ, ಗುಂಡು ಬೀಳುವ ಜಾಗವೂ ಸರಿಯುತ್ತದೆ. ಒಂದು ಡಿಗ್ರಿ ಕೋನವನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲಿಗೆ ನಮ್ಮ ಪಂಚಾಂಗದವರು ‘ಕಲೆ’ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಕ್ಲಿಕ್ಕು ಎಂದರೆ ಕಾಲು ಕಲೆ. ನೂರು ಗಜದ ದೂರದಲ್ಲಿ ಅದು ಕಾಲು ಅಂಗುಲಕ್ಕಿಂತ ತುಸು ಹೆಚ್ಚು.

ಸ್ಪ್ರಿಂಗು ಸೊರಗಿದ್ದರೆ? ತಿರುಪಿನ ಎಳೆ ಒರಟಾಗಿದ್ದರೆ? ತಿರುಪು ತಿರುಗುತ್ತದೆ, ಕ್ಲಿಕ್ಕು ಕೇಳುತ್ತದೆ, ಒಳಕೊಳವೆ ಮಾತ್ರ ಕದಲುವುದಿಲ್ಲ. ಎರಡು ಗುಂಡು ಹಾರಿದ ಮೇಲೆ ಕೋವಿಯ ಒದೆತಕ್ಕೆ ಅದು ತಟಕ್ಕನೆ ಸರಿದು ಕೂರುತ್ತದೆ. ಹಳೆಯ ಬೇಟೆಗಾರರಲ್ಲಿ ಕೆಲವರು ತಿರುಪನ್ನು ತಿರುಗಿಸಿದ ಮೇಲೆ ಒಂದು ನಾಣ್ಯದಿಂದ ಅದರ ನೆತ್ತಿಯನ್ನು ತಟ್ಟುವುದುಂಟು. ನೋಡುವವರಿಗೆ ಇದು ಯಾವುದೋ ಶಕುನದಂತೆ ತೋರಬಹುದು. ಮುನಿಸಿಕೊಂಡ ಒಳಕೊಳವೆಯನ್ನು ಎಬ್ಬಿಸುವ ಉಪಾಯ ಅದು.

ಈ ಕಳ್ಳತನವನ್ನು ಹಿಡಿಯಲೆಂದೇ ‘ಪೆಟ್ಟಿಗೆ ಪರೀಕ್ಷೆ’ ಎಂಬುದೊಂದು ರೂಢಿಗೆ ಬಂದಿದೆ. ಕೋವಿಯನ್ನು ಮರಳಿನ ಚೀಲಗಳ ಮೇಲೆ ಅಲುಗದಂತೆ ಇರಿಸಿ, ನೂರು ಗಜದಾಚೆ ದೊಡ್ಡದೊಂದು ಕಾಗದವನ್ನು ತೂಗುಹಾಕುತ್ತಾರೆ. ಕಾಗದದ ಮೇಲೆ ಒಂದೇ ಚುಕ್ಕೆ. ಮೊದಲ ಗುಂಡುಗಳನ್ನು ಆ ಚುಕ್ಕೆಗೆ ಹೊಡೆಯುತ್ತಾರೆ. ಬಳಿಕ ತಿರುಪನ್ನು ಬಲಕ್ಕೆ ಇಪ್ಪತ್ತು ಕ್ಲಿಕ್ಕು ತಿರುಗಿಸಿ, ಗುರಿ ಮಾತ್ರ ಅದೇ ಚುಕ್ಕೆಗೆ ಇಟ್ಟು ಹೊಡೆಯುತ್ತಾರೆ. ಆಮೇಲೆ ಕೆಳಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು, ಕೊನೆಗೆ ಮೇಲಕ್ಕೆ ಇಪ್ಪತ್ತು. ದುರ್ಬೀನು ಪ್ರಾಮಾಣಿಕವಾಗಿದ್ದರೆ ಕಾಗದದ ಮೇಲೆ ಸುಮಾರು ಐದೂಕಾಲು ಅಂಗುಲ ಬದಿಯ ಚೌಕವೊಂದು ಮೂಡುತ್ತದೆ. ಕಡೆಯ ಗುಂಡುಗಳು ಮೊದಲಿನವುಗಳ ಗಾಯದಲ್ಲಿಯೇ ಹೋಗಿ ಕೂರುತ್ತವೆ. ಅಪ್ರಾಮಾಣಿಕವಾಗಿದ್ದರೆ ಚೌಕ ಓರೆಯಾಗುತ್ತದೆ, ಒಂದು ಮೂಲೆ ಕುಗ್ಗುತ್ತದೆ. ಎಲ್ಲಕ್ಕಿಂತ ಕೆಟ್ಟದೆಂದರೆ, ಹೊರಟ ಮನೆಗೆ ಗುಂಡು ಮರಳಿ ಬರುವುದೇ ಇಲ್ಲ.

ಒಂದೊಂದು ಮೂಲೆಗೆ ಒಂದೇ ಗುಂಡು ಹಾರಿಸಿ ತೀರ್ಪು ಕೊಡುವವರಿದ್ದಾರೆ. ಅದು ನ್ಯಾಯವಲ್ಲ. ಸಾಧಾರಣ ಬೇಟೆಯ ಕೋವಿ ನೂರು ಗಜದಲ್ಲಿ ತಾನಾಗಿಯೇ ಒಂದೂವರೆ ಅಂಗುಲ ಚೆದುರುತ್ತದೆ. ಆ ಚೆದುರನ್ನು ದುರ್ಬೀನಿನ ತಪ್ಪೆಂದು ಬರೆದುಕೊಂಡರೆ ನಿರಪರಾಧಿಗೆ ಶಿಕ್ಷೆಯಾದಂತೆ. ಮೂಲೆಯೊಂದಕ್ಕೆ ಮೂರು ಗುಂಡಾದರೂ ಬೇಕು, ಐದಾದರೆ ಮೇಲು. ಕೋವಿಗೆ ದುರ್ಬೀನನ್ನು ಬಿಗಿದ ಬಳೆಗಳ ತಿರುಪುಗಳು ಸಡಿಲವಾಗಿವೆಯೇ ಎಂದು ಮೊದಲೇ ನೋಡಬೇಕು. ಕೆಟ್ಟಿತೆಂದು ಹಿಂದಿರುಗಿಸಿದ ಎಷ್ಟೋ ದುರ್ಬೀನುಗಳ ದೋಷ ಈ ಸಡಿಲ ಬಳೆಯಲ್ಲಿಯೇ ಇದ್ದದ್ದುಂಟು. ಹೆಸರಾದ ಒಳ್ಳೆಯ ದುರ್ಬೀನೊಂದನ್ನು ಅದೇ ಕೋವಿಗೆ ಕೂರಿಸಿ, ಅದೇ ತೋಟೆಗಳಿಂದ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದರಂತೂ ಸಂಶಯಕ್ಕೆ ಎಡೆಯೇ ಇಲ್ಲ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ತೋಟೆಗಳಿಗೆ ತೆತ್ತ ಹಣ ಅಗ್ಗದ ದುರ್ಬೀನಿನ ಬೆಲೆಯನ್ನು ಸಮೀಪಿಸುತ್ತದೆ ಎಂಬುದು ಈ ವ್ಯವಹಾರದ ತಮಾಷೆ.

ಗುಂಡಿನ ಖರ್ಚಿಲ್ಲದ ಪರೀಕ್ಷೆಯೂ ಒಂದುಂಟು. ಕೋವಿಯನ್ನು ಭದ್ರವಾಗಿ ಕಚ್ಚಿಸಿ, ಟೇಪು ಹಿಡಿದು ಅಳೆದ ನೂರು ಗಜದಲ್ಲಿ ಎತ್ತರದ ಹಲಗೆಯೊಂದನ್ನು ನಿಲ್ಲಿಸುತ್ತಾರೆ. ಗಾರೆಯವರು ಗೋಡೆಗೆ ಇಳಿಬಿಡುವ ತೂಕದ ಗುಂಡನ್ನು ಇಳಿಬಿಟ್ಟು ಹಲಗೆಯ ಮೇಲೆ ನೆಟ್ಟಗೆರೆ ಎಳೆದು, ಅಂಗುಲಗಳ ಗುರುತು ಹಾಕುತ್ತಾರೆ. ತಿರುಪನ್ನು 160 ಕ್ಲಿಕ್ಕು, ಅಂದರೆ 40 ಕಲೆ ತಿರುಗಿಸಿದರೆ ದುರ್ಬೀನಿನೊಳಗಿನ ಗೆರೆ ಸುಮಾರು 42 ಅಂಗುಲ ಸರಿಯಬೇಕು. ಕಲೆಯೊಂದಕ್ಕೆ ಅಂಗುಲವೊಂದು ಎಂದು ಸರಾಗವಾಗಿ ಲೆಕ್ಕ ಹಾಕುವವನಿಗೆ 40 ಅಂಗುಲ ಸರಿದ ದುರ್ಬೀನು ಅಪ್ಪಟ ಚಿನ್ನವಾಗಿ ಕಾಣುತ್ತದೆ! ನೂರು ಗಜದಲ್ಲಿ ಈ ಕೊರತೆಯಿಂದ ಏನೂ ಕೆಡದು. ಆರುನೂರು ಗಜಕ್ಕೆ ಹೊಡೆಯಲು 14 ಕಲೆ ಏರಿಸಬೇಕಾದ ಸಂದರ್ಭದಲ್ಲಿ ಅದೇ ಕೊರತೆ ಗುಂಡನ್ನು ನಾಲ್ಕು ಅಂಗುಲ ಕೆಳಕ್ಕೆ ತರುತ್ತದೆ.

ನಾಲ್ಕು ಅಂಗುಲವೆಂದರೆ ಎಷ್ಟು ಮಹಾ ಎನ್ನಬಹುದು. ಅಮೆರಿಕದ ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಎಡೆ ಸುಮಾರು ಎಂಟು ಅಂಗುಲದ ವೃತ್ತ. ಅದರ ನಡುವಿಗೆ ಇಟ್ಟ ಗುರಿ ನಾಲ್ಕು ಅಂಗುಲ ತಪ್ಪಿತೆಂದರೆ ವೃತ್ತದ ಅಂಚು ಬಂತು. ಇನ್ನೂ ಸ್ವಲ್ಪ ಹಿಂದಕ್ಕೆ ತಪ್ಪಿತೆಂದರೆ ಗುಂಡು ಹೊಟ್ಟೆಗೆ ನಾಟುತ್ತದೆ, ಪ್ರಾಣಿ ಬೀಳುವುದಿಲ್ಲ. ಅದು ಕಾಡಿನೊಳಕ್ಕೆ ಓಡಿ, ಯಾರಿಗೂ ಕಾಣದ ಕಡೆ ಗಂಟೆಗಟ್ಟಲೆ ನರಳಿ ಸಾಯುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಕಾಲವನ್ನು ಮುಗಿಸಿತು. ಅಮೆರಿಕದಲ್ಲಿ ಅದು ಇಂದಿಗೂ ಪರವಾನಗಿ ಪಡೆದು ಋತು ಬಂದಾಗ ನಡೆಯುವ ವ್ಯವಹಾರ. ಅಲ್ಲಿ ಕೈಬಿಸಿಯಿಲ್ಲದ ಬೇಟೆಗಾರ ಕೊಳ್ಳುವ ದುರ್ಬೀನಿನ ಸ್ಪ್ರಿಂಗು ಸೊರಗಿದ್ದರೆ, ದಂಡ ತೆರುವುದು ಕೊಂಡವನಲ್ಲ, ಜಿಂಕೆ.

ಅಗ್ಗದ ದುರ್ಬೀನು ಇದಕ್ಕಿಂತಲೂ ಘೋರವಾದ ಪರೀಕ್ಷೆಗೆ ಒಳಗಾದ ಕಾಲವೊಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಗುರಿಕಾರರ ಕೋವಿ ತುರ್ತಾಗಿ ಬೇಕಾಯಿತು. ಅಧಿಕಾರಿಗಳು ಮೊದಲು ಮೆಚ್ಚಿದ್ದು ‘ಲೈಮನ್ ಅಲಾಸ್ಕನ್’ ಎಂಬ ದುರ್ಬೀನನ್ನು. ಅದು ಬೇಕಾದಷ್ಟು ಸಂಖ್ಯೆಯಲ್ಲಿ ದೊರೆಯಲಿಲ್ಲ. ಆಗ ಅವರ ಕೈ ಹೋದದ್ದು ಎಲ್ ಪಾಸೋದ ಅಂಗಡಿ ಮಾಲಿನ ಕಡೆಗೆ. ವೀವರನ ‘330-ಸಿ’ ದುರ್ಬೀನಿಗೆ ‘ಎಂ 73 ಬಿ 1’ ಎಂಬ ಸೈನಿಕ ಹೆಸರಿಟ್ಟು, ರೆಮಿಂಗ್ಟನ್ ಕಂಪನಿ 1943ರಿಂದ ತಯಾರಿಸಿದ ‘ಎಂ 1903 ಎ 4’ ಕೋವಿಗಳ ಮೇಲೆ ಕೂರಿಸಿದರು. ಇಂಥ ಕೋವಿಗಳು ಸುಮಾರು 28,000 ತಯಾರಾದವು. ಮುಕ್ಕಾಲು ಅಂಗುಲ ದಪ್ಪದ ಸಪೂರ ಕೊಳವೆ. ಹಿಗ್ಗಿಸುವ ಶಕ್ತಿ ಮೂರು ಪಟ್ಟಿಗೂ ಕಡಿಮೆ. ಬಡವರ ಜಿಂಕೆ ಬೇಟೆಗೆಂದು ಹುಟ್ಟಿದ ಉಪಕರಣ ಇಟಲಿಯ ಬೆಟ್ಟಗಳಿಗೂ ಪೆಸಿಫಿಕ್ ದ್ವೀಪಗಳಿಗೂ ಹೋಯಿತು.

ಆ ಕೋವಿಯ ರಚನೆಯಲ್ಲಿ ಒಂದು ವಿಚಿತ್ರವಿತ್ತು. ಅದಕ್ಕೆ ಹಿಂದಿನ ಸೀಳೂ ಇರಲಿಲ್ಲ, ಮುಂದಿನ ಗುಬಟೂ ಇರಲಿಲ್ಲ. ದುರ್ಬೀನು ಕೆಟ್ಟರೆ ಕೋವಿ ಕುರುಡು. ದುರ್ಬೀನು ಮೇಲೆ ಅಡ್ಡವಾಗಿ ಕೂತಿದ್ದರಿಂದ ಐದು ತೋಟೆಗಳ ಸರವನ್ನು ಒಮ್ಮೆಲೇ ಇಳಿಸಲು ಬರುತ್ತಿರಲಿಲ್ಲ; ಒಂದೊಂದನ್ನಾಗಿ ತುಂಬಬೇಕು. ಇದನ್ನಾದರೂ ಸಹಿಸಬಹುದಾಗಿತ್ತು. ತೇವವನ್ನು ತಡೆಯುವ ಏರ್ಪಾಡು ಸಾಲದಾದ ಈ ದುರ್ಬೀನು ಮಳೆ, ಬೆವರು, ಹಬೆಗಳ ನಾಡಿನಲ್ಲಿ ಒಳಗೊಳಗೇ ಮಂಜುಗಟ್ಟುತ್ತಿತ್ತು. ಒಳಗಿನ ಮಂಜನ್ನು ಒರೆಸುವುದು ಹೇಗೆ? ಶತ್ರುವಿನ ಎದುರು ಮಲಗಿ ಕಣ್ಣಿಟ್ಟವನಿಗೆ ಕಂಡದ್ದು ಬೂದುಬಣ್ಣದ ಒಂದು ವೃತ್ತ. ಬಳಿಕ ಬಂದ ‘ಎಂ 84’ ದುರ್ಬೀನಿನಲ್ಲಿ ತೇವ ಒಳನುಗ್ಗದ ಏರ್ಪಾಡನ್ನು ಮಾಡಿದರು.

ಇಷ್ಟಾಗಿಯೂ ವೀವರನನ್ನು ದೂರುವುದು ಸರಿಯಲ್ಲವೆನಿಸುತ್ತದೆ. ಆತ ಭಾನುವಾರದ ಬೇಟೆಗಾರನಿಗೆಂದು ಮಾಡಿದ್ದನ್ನು ಯುದ್ಧಕ್ಕೆ ಒಯ್ದವರು ಬೇರೆಯವರು. ಮಂಜಿನ ಕಾಟವಂತೂ ದುಬಾರಿ ದುರ್ಬೀನುಗಳನ್ನೂ ಬಿಟ್ಟಿರಲಿಲ್ಲ. ಆರೆಗನ್ ಪ್ರಾಂತದಲ್ಲಿ ಭೂಮಾಪನದ ಉಪಕರಣಗಳನ್ನು ತಯಾರಿಸುತ್ತಿದ್ದ ಮನೆತನದ ಮಾರ್ಕಸ್ ಲ್ಯುಪೋಲ್ಡ್ ಎಂಬಾತ ಒಮ್ಮೆ ಬೇಟೆಗೆ ಹೋದಾಗ, ದುರ್ಬೀನು ಮಂಜುಗಟ್ಟಿ ಜಿಂಕೆಯನ್ನು ಕಳೆದುಕೊಂಡ. ಆ ಸಿಟ್ಟಿನಿಂದಲೇ ಆ ಕಂಪನಿ 1947ರಲ್ಲಿ ತನ್ನ ಮೊದಲ ದುರ್ಬೀನನ್ನು ಹೊರತಂದಿತು. ಕೊಳವೆಯ ಒಳಗಿನ ತೇವದ ಗಾಳಿಯನ್ನು ತೆಗೆದು ಒಣ ನೈಟ್ರೋಜನ್ ಅನಿಲವನ್ನು ತುಂಬಿ ಮುಚ್ಚುವ ವಿಧಾನ ಅವರಿಂದ ಪ್ರಚಾರಕ್ಕೆ ಬಂತು. ಈಗ ಚೀನಾದಿಂದ ಬರುವ ಅತಿ ಅಗ್ಗದ ದುರ್ಬೀನಿನ ಪೆಟ್ಟಿಗೆಯ ಮೇಲೂ ‘ನೈಟ್ರೋಜನ್ ತುಂಬಿದೆ’ ಎಂಬ ಬರಹವಿರುತ್ತದೆ.

ಬರಹವನ್ನು ನಂಬದವರು ಒಂದು ಬಕೀಟು ಉಗುರುಬೆಚ್ಚಗಿನ ನೀರನ್ನು ತಂದಿಡುತ್ತಾರೆ. ದುರ್ಬೀನನ್ನು ಅದರಲ್ಲಿ ಮುಳುಗಿಸಿದರೆ ಒಳಗಿನ ಅನಿಲ ಕಾದು ಹಿಗ್ಗುತ್ತದೆ. ಎಲ್ಲಿ ಬಿರುಕಿದೆಯೋ ಅಲ್ಲಿಂದ ಗುಳ್ಳೆಗಳ ಸರವೊಂದು ಮೇಲೇಳುತ್ತದೆ. ಸೈಕಲ್ ಟ್ಯೂಬಿನ ತೂತು ಹುಡುಕುವವರು ಮಾಡುವುದೂ ಇದನ್ನೇ ಅಲ್ಲವೆ? ಹೊರಮೈಗೆ ಅಂಟಿಕೊಂಡ ಗುಳ್ಳೆಗಳನ್ನು ಮೊದಲು ಒರೆಸಿಬಿಡಬೇಕು. ಇಲ್ಲವಾದರೆ ಸುಳ್ಳು ಗಾಬರಿ.

ಈ ಎಲ್ಲ ಪರೀಕ್ಷೆಗಳಲ್ಲಿ ಗೆದ್ದು ಬರುವ ಅಗ್ಗದ ದುರ್ಬೀನುಗಳು ಇಲ್ಲವೆ? ಧಾರಾಳವಾಗಿ ಇವೆ. ಆದರೆ ಗೆದ್ದದ್ದು ಆ ಒಂದು ದುರ್ಬೀನು. ಅದೇ ಪೆಟ್ಟಿಗೆಯಲ್ಲಿ, ಅದೇ ಹೆಸರಿನಲ್ಲಿ ಬಂದ ಅದರ ತಮ್ಮನಲ್ಲ. ದುಬಾರಿ ಮಾಲಿಗೆ ತೆರುವ ಹಣದಲ್ಲಿ ಗಣನೀಯ ಪಾಲು ಹೋಗುವುದು, ಕಾರ್ಖಾನೆಯಲ್ಲಿ ಒಂದೊಂದನ್ನೂ ಕೈಗೆತ್ತಿಕೊಂಡು ಪರೀಕ್ಷಿಸಿ ಕೆಟ್ಟದ್ದನ್ನು ಹೊರಗೆಸೆಯುವ ಜನರ ಸಂಬಳಕ್ಕೆ. ಅಗ್ಗದ ಮಾಲಿನಲ್ಲಿ ಆ ಕೆಲಸವನ್ನು ಕೊಂಡವನು ಸಂಬಳವಿಲ್ಲದೆ ಮಾಡಬೇಕು.

ಆದ್ದರಿಂದ ಅನುಭವಿಗಳು ಚೌಕ ಸರಿಯಾಗಿ ಮೂಡಿದ ಸಂಜೆಯೇ ಸಂತೋಷಪಡುವುದಿಲ್ಲ. ಕೋವಿಯನ್ನು ಗಾಡಿಯ ಹಿಂಬದಿಯಲ್ಲಿಟ್ಟು, ಹಳ್ಳಕೊಳ್ಳದ ದಾರಿಯಲ್ಲಿ ಮನೆಗೆ ಒಯ್ಯುತ್ತಾರೆ. ರಾತ್ರಿ ಚಳಿಯಲ್ಲಿಟ್ಟು, ಮರುದಿನ ಬೆಳಗ್ಗೆ ತಿರುಪನ್ನು ಮುಟ್ಟದೆ, ತಣ್ಣನೆಯ ನಳಿಗೆಯಿಂದ ಅದೇ ಚುಕ್ಕೆಗೆ ಒಂದೇ ಒಂದು ಗುಂಡು ಹಾರಿಸಿ, ಅದು ಎಲ್ಲಿ ಬಿತ್ತೆಂದು ನೋಡಲು ನೂರು ಗಜ ನಡೆದುಹೋಗುತ್ತಾರೆ.