ಪಥ್ಯ ಬಿಡುವುದೂ ಚಿಕಿತ್ಸೆಯೇ

ಕ್ರೋನ್ಸ್ ಕಾಯಿಲೆಯೋ ಅಲ್ಸರೇಟಿವ್ ಕೊಲೈಟಿಸೋ ಉಲ್ಬಣಿಸಿದಾಗ ಊಟ ಗಂಜಿಗೆ, ಮೆತ್ತನೆಯ ಅನ್ನಕ್ಕೆ, ಬೇಳೆಕಟ್ಟಿಗೆ ಇಳಿಯುತ್ತದೆ. ಕರುಳಿನ ಒಳಪದರ ಹುಣ್ಣಾಗಿರುವಾಗ ಅಷ್ಟು ದಕ್ಕಿದರೂ ದೊಡ್ಡದು. ಆದರೆ ಔಷಧಿ ಹಿಡಿದು, ರಕ್ತ ನಿಂತು, ತೂಕ ಏರತೊಡಗಿದ ಮೇಲೂ ಎಷ್ಟೋ ಮಂದಿ ಬಿಟ್ಟ ಪದಾರ್ಥಗಳನ್ನು ಮತ್ತೆ ಮುಟ್ಟುವುದಿಲ್ಲ. ಹಾಲು ಬೇಡ, ಕಾಳು ಬೇಡ, ಸೊಪ್ಪು ಬೇಡ ಎನ್ನುತ್ತ ವರ್ಷಗಳು ಕಳೆದರೆ, ಮೊದಲೇ ಬಳಲಿದ ದೇಹಕ್ಕೆ ಕ್ಯಾಲ್ಸಿಯಂ, ಪ್ರೋಟೀನುಗಳ ಕೊರತೆಯೂ ಸೇರಿಕೊಳ್ಳಬಹುದು. ಉರಿಯೂತ ತಗ್ಗಿದ ಮೇಲೆ ಆಹಾರವನ್ನು ಮರಳಿ ತರುವುದು ಚಿಕಿತ್ಸೆಯದೇ ಭಾಗ. ಅದಕ್ಕೂ ಔಷಧಿಗಿರುವಷ್ಟೇ ಕ್ರಮ ಬೇಕು.

ಕ್ರಮದಿಂದ ಏನು ಲಾಭ ಎಂಬುದಕ್ಕೆ ಇಂಗ್ಲೆಂಡಿನ ಪೂರ್ವ ಆಂಗ್ಲಿಯಾದ ವೈದ್ಯರು 1993ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಉದಾಹರಣೆ. ಕ್ರೋನ್ಸ್ ರೋಗಿಗಳಿಗೆ ಅವರು 14 ದಿನ ದ್ರವರೂಪದ ಪೋಷಕಾಂಶ ಮಾತ್ರ ಕೊಟ್ಟರು. ಚೇತರಿಸಿಕೊಂಡ 78 ಮಂದಿಯಲ್ಲಿ ಒಂದು ಗುಂಪಿಗೆ ಸ್ಟಿರಾಯ್ಡ್ ಕೊಟ್ಟರೆ, ಇನ್ನೊಂದು ಗುಂಪು ಒಂದೊಂದೇ ಆಹಾರವನ್ನು ಸೇರಿಸುತ್ತ ಒಗ್ಗದ್ದನ್ನು ಮಾತ್ರ ಬಿಟ್ಟಿತು. ಸ್ಟಿರಾಯ್ಡ್ ಗುಂಪಿನ ನೆಮ್ಮದಿಯ ಅವಧಿಯ ಮಧ್ಯಾಂಕ 3.8 ತಿಂಗಳು, ಆಹಾರದ ಗುಂಪಿನದು 7.5 ತಿಂಗಳು. ಎರಡು ವರ್ಷದೊಳಗೆ ಎರಡೂ ಗುಂಪುಗಳಲ್ಲಿ ಬಹುಪಾಲು ಜನರಿಗೆ ಕಾಯಿಲೆ ಮರುಕಳಿಸಿತು. ಹಾಗಾಗಿ ಇದು ಔಷಧಿಗೆ ಬದಲಿಯಲ್ಲ. ಕಲಿಯಬೇಕಾದದ್ದು ‘ಒಂದೊಂದೇ’ ಎಂಬ ವಿಧಾನವನ್ನು. ಹುಳಿ ಉಂಡು ಹೊಟ್ಟೆ ಕೆಟ್ಟರೆ ತಪ್ಪು ತೊಗರಿಬೇಳೆಯದೋ, ಈರುಳ್ಳಿಯದೋ, ಮೆಣಸಿನಕಾಯಿಯದೋ ತಿಳಿಯುವುದಿಲ್ಲ. ಖಾರವಿಲ್ಲದೆ ಬೇಯಿಸಿದ ಬೇಳೆಯನ್ನು ಮೊದಲು ಎರಡು ಚಮಚ, ಒಗ್ಗಿದರೆ ಅರ್ಧ ಬಟ್ಟಲು ಎಂದು ಎರಡು ಮೂರು ದಿನ ತಿಂದು ಬರೆದಿಟ್ಟುಕೊಂಡರೆ ತಿಳಿಯುತ್ತದೆ.

ತಿಂದರೆ ಹೊಟ್ಟೆ ಉಬ್ಬರಿಸುತ್ತದಲ್ಲ, ಕಾಯಿಲೆ ಕೆರಳಿದ್ದಕ್ಕೆ ಬೇರೆ ಸಾಕ್ಷಿ ಬೇಕೇ ಎಂದು ಕೇಳಬಹುದು. ಬೇಕು. ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದಿದ್ದರೆ ಗ್ಯಾಸ್, ಭೇದಿ ಆಗುತ್ತವೆ. ಅಷ್ಟರಿಂದಲೇ ಕರುಳು ಹುಣ್ಣಾಗಿದೆ ಎನ್ನಲಾಗದು. ಉರಿಯೂತ ತಗ್ಗಿರುವ ರೋಗಿಗಳಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥ ಕಿರಿಕಿರಿ ಉಳಿದಿರುತ್ತದೆ. ಎರಡನ್ನೂ ಬೇರ್ಪಡಿಸಲು ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ನೆರವಾಗುತ್ತದೆ. ಹಾಲು ಒಗ್ಗದವರಿಗೆ ಮೊಸರು ಒಗ್ಗಬಹುದು. ರಕ್ತ, ಜ್ವರ, ನಿದ್ದೆಗೆಡಿಸುವ ಭೇದಿ ಕಂಡರೆ ಮಾತ್ರ ಪ್ರಯೋಗ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಇನ್ನೊಂದು ಭಯ ನಾರಿನದು. ಕರುಳು ಕಿರಿದಾಗಿರುವವರಿಗೆ ಈ ಭಯ ಸರಿಯಾದದ್ದೇ: ನಾರು, ಸಿಪ್ಪೆ, ಬೀಜ ಅಲ್ಲಿ ಸಿಕ್ಕಿಕೊಳ್ಳಬಹುದು. ಉಳಿದವರಿಗೆ ಹಾಗಲ್ಲ. 2016ರ ಅಮೆರಿಕದ ಅಧ್ಯಯನವೊಂದರಲ್ಲಿ, ನಾರಿರುವ ಆಹಾರ ಬಿಡದ ಕ್ರೋನ್ಸ್ ರೋಗಿಗಳಲ್ಲಿ ಆರು ತಿಂಗಳೊಳಗೆ ಕಾಯಿಲೆ ಉಲ್ಬಣಿಸುವ ಸಾಧ್ಯತೆ ಸುಮಾರು ಶೇ 40ರಷ್ಟು ಕಡಿಮೆಯಿತ್ತು. ಆರೋಗ್ಯವಾಗಿದ್ದವರೇ ನಾರು ತಿಂದಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದು. ಈ ಅಂಕಿಯೊಂದರಿಂದಲೇ ನಾರು ಕಾಪಾಡಿತು ಎನ್ನಲಾಗದು. ಆದರೆ ಅದನ್ನು ನಂಬಲು ಜೈವಿಕ ಕಾರಣವೂ ಇದೆ: ಕರುಳಿನ ಬ್ಯಾಕ್ಟೀರಿಯಾ ನಾರನ್ನು ಹುದುಗಿಸಿ ತಯಾರಿಸುವ ಬ್ಯುಟಿರೇಟ್, ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ಹಾಗಾಗಿ ಸಿಪ್ಪೆ ತೆಗೆದು ಬೇಯಿಸಿದ ಸೋರೆಕಾಯಿ, ಕುಂಬಳಕಾಯಿಯಿಂದ ಶುರುಮಾಡಿ, ನುಣ್ಣಗೆ ಮಸೆದ ಸೊಪ್ಪಿಗೆ, ಕೊನೆಗೆ ಇಡೀ ಕಾಳಿಗೆ ಬರುವುದು ವಿವೇಕದ ದಾರಿ. ಏನು ತಿನ್ನಬಾರದೆಂದು ಹೇಳುವ ಆಸ್ಪತ್ರೆ, ಯಾವುದನ್ನು ಯಾವಾಗ ಮತ್ತೆ ತಿನ್ನಬೇಕೆಂದೂ ಬರೆದುಕೊಡಬೇಕು. ಬರೆದುಕೊಡದಿದ್ದರೆ ರೋಗಿ ಕೇಳಿ ಪಡೆಯಬೇಕು.