ಹೆದರಿಸಿದ ಮೇಲೆ ಏನು?

ಧೂಮಪಾನ ಬೇಡವೆಂದು ಸ್ಪಂಜು ಹಿಂಡಿ ಕಪ್ಪು ಟಾರು ಸುರಿಸುವ ಜಾಹೀರಾತಿಗೆ ಚಿತ್ರಮಂದಿರಗಳಲ್ಲಿ ಬರಬರುತ್ತ ಬೆಚ್ಚುವವರು ಕಡಿಮೆಯಾಗಿದ್ದರು. ಹಿಂದಿನ ಸಾಲಿನ ಹುಡುಗರು ಅದರ ಮಾತನ್ನು ಮೊದಲೇ ಒಪ್ಪಿಸಿ ನಗುತ್ತಿದ್ದರು. ಗುಟ್ಕಾ ತಿಂದು, ಬಾಯಿ ಕ್ಯಾನ್ಸರಾಗಿ 24ನೇ ವಯಸ್ಸಿಗೇ ತೀರಿಕೊಂಡ ಮುಕೇಶನ ಕಥೆಗೂ ಇದೇ ಗತಿಯಾಗಿತ್ತು. ಕಲ್ಲೆದೆಯವರು ಎಂದು ಬೈದು ಸುಮ್ಮನಾಗಬಹುದು. ಆದರೆ ಮನಶ್ಶಾಸ್ತ್ರದ ಲೆಕ್ಕವೇ ಬೇರೆ: ಅಪಾಯ ದೊಡ್ಡದು, ಪಾರಾಗುವ ದಾರಿ ಮಾತ್ರ ಕಾಣದು ಎಂದಾಗ ಮನಸ್ಸು ಅಪಾಯವನ್ನು ಬಿಟ್ಟು ಹೆದರಿಕೆಯನ್ನು ಓಡಿಸಲು ಹೊರಡುತ್ತದೆ. 'ನಮ್ಮ ತಾತ ತೊಂಬತ್ತರವರೆಗೂ ಬೀಡಿ ಸೇದಿದ' ಎಂಬ ವಾದ ಹುಟ್ಟುವುದು ಅಲ್ಲೇ, ತಮಾಷೆ ಹುಟ್ಟುವುದೂ ಅಲ್ಲೇ.

ಈ ಬಗ್ಗೆ ಹಳೆಯದೊಂದು ಪ್ರಯೋಗವಿದೆ. ತಂಬಾಕಿಗೆ ಸಂಬಂಧವಿಲ್ಲದ್ದು, ಆದರೂ ಆರೋಗ್ಯ ಪ್ರಚಾರ ಮಾಡುವವರು ಮರೆಯಬಾರದ್ದು. 1965ರಲ್ಲಿ ಹೊವಾರ್ಡ್ ಲೆವೆಂತಾಲ್ ಮತ್ತು ಸಂಗಡಿಗರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕರಪತ್ರ ಓದಿಸಿದರು. ಕೆಲವರದ್ದು ಘೋರ ಚಿತ್ರಗಳಿದ್ದದ್ದು, ಕೆಲವರದ್ದು ಸೌಮ್ಯ. ಘೋರವಾದದ್ದನ್ನು ಓದಿದವರು ಹೆಚ್ಚು ಹೆದರಿದರು, ಚುಚ್ಚುಮದ್ದು ಹಾಕಿಸಿಕೊಳ್ಳಬೇಕು ಎಂದೂ ಹೆಚ್ಚಾಗಿ ಹೇಳಿದರು. ಹೋಗಿ ಹಾಕಿಸಿಕೊಂಡವರು ಸುಮಾರು ನೂರಕ್ಕೆ ಮೂವರು ಮಾತ್ರ. ಇನ್ನು ಕೆಲವರಿಗೆ ಕರಪತ್ರದ ಜೊತೆ ಆರೋಗ್ಯ ಕೇಂದ್ರವನ್ನು ಗುರುತಿಸಿದ ನಕ್ಷೆ ಕೊಟ್ಟು, ಯಾವ ಹೊತ್ತಿಗೆ ಹೋಗುತ್ತೀರಿ ಎಂದು ಯೋಚಿಸಿಕೊಳ್ಳಲು ಹೇಳಿದ್ದರು. ಅವರಲ್ಲಿ ಹೋದವರು ನೂರಕ್ಕೆ 28. ಆ ಕೇಂದ್ರ ಎಲ್ಲಿದೆಯೆಂದು ಬಹುತೇಕರಿಗೆ ಮೊದಲೇ ಗೊತ್ತಿತ್ತು ಎನ್ನುವುದು ಇದರ ಸ್ವಾರಸ್ಯ.

ನಮ್ಮ ತಂಬಾಕು ಪೊಟ್ಟಣಗಳಿಗೆ ಅಂಥ ದಾರಿ ತೋರುವ ನಕ್ಷೆ ಬರಲು ಒಂಬತ್ತು ವರ್ಷ ಹಿಡಿಯಿತು. 2009ರ ಮೇ 31ರಂದು ಚಿತ್ರ ಎಚ್ಚರಿಕೆ ಮೊದಲ ಬಾರಿ ಬಂದಾಗ ಜಗಿಯುವ ತಂಬಾಕಿನ ಮೇಲಿದ್ದದ್ದು ಚೇಳು! ಗಿಳಿ, ಹುಲಿ, ದೇವರ ಪಟಗಳೇ ಮಾರ್ಕುಗಳಾಗಿರುವ ದೇಶದಲ್ಲಿ ಓದು ಬಾರದವರು ಅದನ್ನು ಇನ್ನೊಂದು ಮಾರ್ಕೆಂದು ತಿಳಿದರೆ ತಪ್ಪೇನು? 2016ರ ಏಪ್ರಿಲ್‌ನಿಂದ ಎಚ್ಚರಿಕೆ ಪೊಟ್ಟಣದ ಶೇ. 85 ಭಾಗವನ್ನು ಆವರಿಸಿತು. ಅದರ ವಿರುದ್ಧದ ಮೊಕದ್ದಮೆಗಳೆಲ್ಲ ಕರ್ನಾಟಕ ಹೈಕೋರ್ಟಿಗೆ ಬಂದವು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ನಿಯಮ ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಅಷ್ಟು ದೊಡ್ಡ ಚಿತ್ರವನ್ನು ಜನ ನೋಡದೆ ಬಿಟ್ಟವರಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಸಿಗರೇಟು ಸೇದುವವರಲ್ಲಿ ಶೇ. 61.9 ಮಂದಿ, ಬೀಡಿಯವರಲ್ಲಿ ಶೇ. 53.8 ಮಂದಿ ಪೊಟ್ಟಣದ ಎಚ್ಚರಿಕೆ ಕಂಡು ಬಿಡುವ ಯೋಚನೆ ಮಾಡಿದ್ದಾಗಿ ಹೇಳಿದರು. ಯೋಚನೆಯ ಮುಂದಿನ ಹೆಜ್ಜೆಗೆ ಅಲ್ಲಿ ಏನೂ ಇರಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಚಿತ್ರದ ಕೆಳಗೆ ಒಂದು ಸಾಲು ಸೇರಿತು: ಇಂದೇ ಬಿಡಿ, 1800-11-2356ಕ್ಕೆ ಕರೆ ಮಾಡಿ. ಈ ಉಚಿತ ಸಹಾಯವಾಣಿಯ ದಕ್ಷಿಣದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್, ಕನ್ನಡದಲ್ಲೇ ಮಾತಾಡಬಹುದು. ಇಂಥ ಕರೆಯಲ್ಲಿ ಉಪದೇಶಕ್ಕಿಂತ ಪ್ರಶ್ನೆ ಜಾಸ್ತಿ. ಬೆಳಿಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮೊದಲನೆಯದು ಬೇಕಾಗುತ್ತದೆ? ಅರ್ಧ ಗಂಟೆಯೊಳಗೆ ಎಂದರೆ ಚಟ ಆಳವಾಗಿದೆಯೆಂದೇ ಅರ್ಥ. ಆಮೇಲೆ ಬಿಡುವ ದಿನ ಗೊತ್ತುಮಾಡುವುದು, ಚಡಪಡಿಕೆ ಬಂದಾಗ ಆ ಕೆಲವು ನಿಮಿಷ ದಾಟಿಸಲು ಏನು ಮಾಡಬೇಕೆಂದು ಹೇಳಿಕೊಡುವುದು. ಸಂಖ್ಯೆ ಅಚ್ಚಾದ ಮೇಲೆ ಕರೆಗಳು ಹಲವು ಪಟ್ಟು ಏರಿದವು. ನನ್ನ ಮಟ್ಟಿಗೆ ಇಡೀ ಪೊಟ್ಟಣದಲ್ಲಿ ಅತ್ಯಂತ ಕೆಲಸದ ಜಾಗ ಆ ಸಣ್ಣ ಸಾಲೇ.

ತೊಂದರೆ ಏನೆಂದರೆ ಪೊಟ್ಟಣವೇ ಕಾಣದ ಗಿರಾಕಿಗಳು ನಮ್ಮಲ್ಲಿ ಬಹಳ. ಬಿಡಿ ಸಿಗರೇಟು ಕೊಂಡವನಿಗೆ ಸಿಗುವುದು ಸಿಗರೇಟು ಮಾತ್ರ. ಚಿತ್ರವೂ ಸಂಖ್ಯೆಯೂ ಅಂಗಡಿಯವನ ಬಳಿಯೇ ಉಳಿಯುತ್ತವೆ. ಬಿಡಿಯಾಗಿ ಮಾರಬಾರದೆಂದು ಕರ್ನಾಟಕ ಸರ್ಕಾರ 2017ರಲ್ಲೇ ಹೇಳಿದ್ದು ಇದಕ್ಕೇ, ಪಾಲನೆ ಎಷ್ಟೆಂದು ಯಾವ ಟೀ ಅಂಗಡಿಯ ಮುಂದೆ ನಿಂತರೂ ತಿಳಿಯುತ್ತದೆ. ಸಂತೆಯಲ್ಲಿ ಕಂತೆಯಿಂದ ಕಿತ್ತು, ತೂಗಿ, ಹಳೇ ಪೇಪರಿನಲ್ಲಿ ಸುತ್ತಿ ಕೊಡುವ ಹೊಗೆಸೊಪ್ಪಿಗಂತೂ ಎಚ್ಚರಿಕೆ ಅಂಟಿಸಲು ಜಾಗವೇ ಇಲ್ಲ. ಅದೇ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಅದರ ಎರಡು ಪಟ್ಟು, ಶೇ. 21.4. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿಗೆ ಸ್ಪಂಜಿನ ಜಾಹೀರಾತು ತನ್ನದಲ್ಲ. ಆಕೆ ಹೊಗೆ ಬಿಡುವವಳೇ ಅಲ್ಲವಲ್ಲ. ಆಕೆಯ ಬಾಯೊಳಗಿನ ಬಿಳಿ ಮಚ್ಚೆ ಕಂಡು, 'ಅಜ್ಜೀ, ಇದು ಎಷ್ಟು ದಿನದಿಂದ ಹೀಗಿದೆ?' ಎಂದು ಕೇಳಬೇಕಾದವರು ಹಲ್ಲಿನ ಡಾಕ್ಟರು, ಇಲ್ಲವೇ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ. ಪ್ರಚಾರದ ದುಡ್ಡಿನಲ್ಲಿ ಒಂದು ಪಾಲು ಅವರ ತರಬೇತಿಗೆ ಹೋಗಬೇಕು.